ಒಡೆದ ದೋಣಿ: ದುರಸ್ತಿಯೋ, ವಿಲೇವಾರಿಯೋ?

ಕಡೂರು, ತರೀಕೆರೆ, ಅಜ್ಜಂಪುರ ಭಾಗದ ವರ್ತಕರಿಗೆ ತೆಂಗು, ಅಡಿಕೆ, ಈರುಳ್ಳಿಯ ವಿಚಾರ ಹತ್ತಿರವಾದಷ್ಟು ದೋಣಿಯ ವಿಚಾರ ಹತ್ತಿರವೆನಿಸದು. ಆದರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 186 ಅಡಿ ಪೂರ್ಣಮಟ್ಟದ, ಸುಮಾರು 71.5 ಟಿಎಂಸಿ ಸಾಮರ್ಥ್ಯದ ಭದ್ರಾ ಜಲಾಶಯವಿದೆ. ಮೀನುಗಾರಿಕೆಯೂ ಪ್ರವಾಸೋದ್ಯಮವೂ ಅಲ್ಲಿ ದೋಣಿಯನ್ನೇ ನಂಬಿವೆ. ಬೇಸಿಗೆಯಲ್ಲಿ ನೀರು ತಗ್ಗಿದಂತೆ ಮುಳುಗಿದ್ದ ಮರದ ಬೊಡ್ಡೆಗಳೂ ಬಂಡೆಗಳೂ ಮೇಲಕ್ಕೆ ಸಮೀಪಿಸುತ್ತವೆ. ರೀವ ಹಕ್ಕಿಗಳು ನಡುಗಡ್ಡೆಗಳಲ್ಲಿ ಗೂಡು ಕಟ್ಟಿ, ಅವನ್ನು ನೋಡಲು ಪ್ರವಾಸಿಗರು ಬರುವ ಕಾಲವೂ ಅದೇ. ಸಂಪಾದನೆಯ ದಿನಗಳಲ್ಲಿಯೇ ಒಡಲು ಬಿರಿದರೆ ಮಾಲೀಕನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ದುರಸ್ತಿ ಮಾಡಿಸುವುದೋ, ಕೈಬಿಡುವುದೋ?

ಈ ನಿರ್ಧಾರಕ್ಕೆ ದೋಣಿಯ ವಯಸ್ಸು ಸರಿಯಾದ ಅಳತೆಗೋಲಲ್ಲ. 2017ರಲ್ಲಿ ನೌಕಾಪಡೆಗೆ ಸೇರಿದ ‘ತಾರಿಣಿ’ ಹಾಯಿದೋಣಿ 2017-18ರಲ್ಲಿ ಒಮ್ಮೆ, 2024-25ರಲ್ಲಿ ಮತ್ತೊಮ್ಮೆ ಮಹಿಳಾ ಅಧಿಕಾರಿಗಳೊಂದಿಗೆ ಭೂಮಿಯನ್ನು ಸುತ್ತಿ ಬಂದಿತು. ಕಾಲಕಾಲಕ್ಕೆ ಪಾಲನೆ ದೊರೆತ ಒಡಲು ವರ್ಷಗಳ ಲೆಕ್ಕಕ್ಕೆ ಸಿಲುಕುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಮೊದಲು ನೋಡತಕ್ಕದ್ದು ಪೆಟ್ಟು ಬಿದ್ದ ಜಾಗ. ಫೈಬರ್ ದೋಣಿಯ ಹೊರಪದರದಲ್ಲಿ ಮಾತ್ರ ಬಿರುಕಿದ್ದರೆ ದುರಸ್ತಿ ಸುಲಭ. ಅಡಿಮರದ ಜೋಡಣೆ, ಒಳಗಿನ ಅಡ್ಡಪಟ್ಟಿಗಳು, ಹಾಯಿಯಿದ್ದಲ್ಲಿ ಹಾಯಿಕಂಬದ ಬುಡ, ಇವು ಭಾರ ಹೊರುವ ಅಂಗಗಳು. ಅಲ್ಲಿನ ಹಾನಿಯನ್ನು ಹಗುರವಾಗಿ ಎಣಿಸಲಾಗದು. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಟ್ಟಿ ಭಾಗ ಸ್ಪಷ್ಟ ನಾದ ಕೊಡುತ್ತದೆ. ಪದರ ಬಿಟ್ಟ ಭಾಗ ಬೊದ್ದ ಸದ್ದು ಕೊಡುತ್ತದೆ. ಬಿರುಕು ಗೇಣುದ್ದವಿದ್ದರೂ ಒಳಗೆ ಪದರ ಮೊಳದುದ್ದ ಬಿಟ್ಟಿರಬಹುದು. ಒಡಲನ್ನು ಪೂರ್ತಿ ಒಣಗಿಸದೆ, ಅಂಚನ್ನು ಇಳಿಜಾರಾಗಿ ಉಜ್ಜದೆ ಹಚ್ಚಿದ ತೇಪೆ ಹೆಚ್ಚು ದಿನ ಹಿಡಿಯುವುದಿಲ್ಲ.

ಎರಡನೆಯದು ಲೆಕ್ಕ. 1963ರ ಕಡಲ ವಿಮಾ ಕಾಯಿದೆಯ 60ನೇ ಕಲಮಿನ ಪ್ರಕಾರ, ದುರಸ್ತಿಯ ವೆಚ್ಚವು ದುರಸ್ತಿಯಾದ ನೌಕೆಯ ಬೆಲೆಯನ್ನು ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಲು ಅವಕಾಶವಿದೆ. ಮೂಗಿಗಿಂತ ಮೂಗುತಿ ಭಾರವಾಗಬಾರದೆಂಬ ವ್ಯವಹಾರಜ್ಞಾನವೇ ಇದು. ಆದರೆ ಸಣ್ಣ ಮಾಲೀಕನಿಗೆ ಈ ಗೆರೆ ತಡವಾಗಿ ಬರುತ್ತದೆ. ಉದಾಹರಣೆಗೆ, ದುರಸ್ತಿಯ ನಂತರ 2 ಲಕ್ಷ ರೂ. ಬೆಲೆಬಾಳುವ ದೋಣಿಗೆ ರಾಳ, ನಾರು, ಕೂಲಿ ಸೇರಿ 80 ಸಾವಿರ, ಕರಾವಳಿಯ ಕಾರ್ಖಾನೆಗೆ ಸಾಗಿಸಿ ತರಲು 40 ಸಾವಿರ ತಗಲಿತೆನ್ನೋಣ. ಕಾನೂನಿನ ದೃಷ್ಟಿಯಲ್ಲಿ ಅದು ಪೂರ್ಣ ನಷ್ಟವಲ್ಲ. ದಿನಕ್ಕೆ 1,500 ರೂ.ನಂತೆ 60 ದಿನಗಳ ಸಂಪಾದನೆ ನಿಂತರೆ ಇನ್ನೂ 90 ಸಾವಿರ ಸೇರಿ, ಹೊರೆ 2.10 ಲಕ್ಷ ರೂ. ಆಗುತ್ತದೆ. ಹೊಸ ದೋಣಿಗಾಗಿ ಕಾಯುವ ದಿನಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿದ ನಂತರವೇ ತೀರ್ಮಾನಿಸುವುದು ನ್ಯಾಯ.

ಮೂರನೆಯದು ಪ್ರಾಣದ ಪ್ರಶ್ನೆ. ಇದಕ್ಕೆ ಚೌಕಾಸಿ ಇಲ್ಲ. 1917ರ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯಿದೆಯು ಯಂತ್ರಚಾಲಿತ ನೌಕೆಗಳಿಗೆ ಸಮೀಕ್ಷೆ ಮತ್ತು ನೋಂದಣಿಯನ್ನು ವಿಧಿಸಿದೆ. ಹುಟ್ಟು ಹಾಕುವ ದೋಣಿಯಾದರೂ ಜನರನ್ನು ಹೊರುವುದಾದರೆ, ಬಲ್ಲವರು ತಟ್ಟಿ ನೋಡಿ ಒಪ್ಪಿದ ಮೇಲೆಯೇ ನೀರಿಗಿಳಿಯಬೇಕು. ಬಣ್ಣ ಬಳಿದು ಬಿರುಕನ್ನು ಮರೆಮಾಚುವುದು ವ್ಯಾಪಾರವಲ್ಲ, ವಂಚನೆ.

ಮೇಲಿನ ಲೆಕ್ಕದಲ್ಲಿ ಸಾಗಣೆಯ ವೆಚ್ಚವೂ ನಿಂತ ದಿನಗಳೂ ತಗ್ಗಬೇಕಾದರೆ ಕೌಶಲ ಸ್ಥಳೀಯವಾಗಿ ಬೆಳೆಯಬೇಕು. ಫೈಬರ್ ಕೆಲಸ ಬಲ್ಲವನಿಗೆ ದೋಣಿಯೊಂದೇ ಗಿರಾಕಿಯಲ್ಲ. ನೀರಿನ ತೊಟ್ಟಿ, ಚಾವಣಿ ಹಾಳೆ, ವಾಹನದ ಬಂಪರ್ ಎಲ್ಲಕ್ಕೂ ಅದೇ ರಾಳ, ಅದೇ ನಾರು. ವಾಣಿಜ್ಯ ಸಂಸ್ಥೆಗಳು ಕೈಗಾರಿಕಾ ತರಬೇತಿ ಕೇಂದ್ರಗಳೊಡನೆ ಕೂಡಿ ಅಲ್ಪಾವಧಿ ತರಬೇತಿ ಏರ್ಪಡಿಸಿದಲ್ಲಿ, ಇಂದು ಲೆಕ್ಕಕ್ಕೆ ಸೋತು ದಡದಲ್ಲಿ ಬೀಳುವ ಎಷ್ಟೋ ದೋಣಿಗಳು ನಾಳೆ ದುರಸ್ತಿಗೆ ಅರ್ಹವಾಗುತ್ತವೆ.