ಮೊದಲ ಪ್ರದರ್ಶನ ಯಾರಿಗಾಗಿ?

ಹೊಸ ಕಂಪನಿ ಕಟ್ಟುತ್ತಿರುವ ಯುವಕ ಯುವತಿಯರಿಗೆ ಅನುಭವಿಗಳು ಕೊಡುವ ಸಲಹೆಗಳಲ್ಲಿ ಒಂದು ಮೇಲಿಂದ ಮೇಲೆ ಕೇಳಿಬರುತ್ತದೆ: ದೊಡ್ಡದೊಂದು ತಂತ್ರಜ್ಞಾನ ಸಮಾವೇಶ ನೋಡಿಕೊಂಡು ಅಲ್ಲೇ ಲಾಂಚ್ ಮಾಡಿ. ಪತ್ರಕರ್ತರು ಒಂದೇ ಕಡೆ ಸಿಗುತ್ತಾರೆ, ಹೂಡಿಕೆದಾರರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ದಿನಾಂಕ ಗೊತ್ತಾದರೆ ತಂಡವೂ ಚುರುಕಾಗುತ್ತದೆ. ಹೀಗೆ ಹೇಳುವವರಲ್ಲಿ ಸ್ವತಃ ಕಂಪನಿ ಕಟ್ಟಿ ನಿಲ್ಲಿಸಿದವರಿದ್ದಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅವರು ಕೊಡುವ ಉದಾಹರಣೆಗಳನ್ನು ಬಿಡಿಸಿ ನೋಡಿದರೆ ಅವು ಬೇರೆಯೇ ಮಾತು ಹೇಳುತ್ತವೆ. ಸಮಾವೇಶಕ್ಕೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಬಾಗಿಲು ತೆರೆಯುವ ಮೊದಲ ದಿನವನ್ನು ಅದಕ್ಕೆ ಮೀಸಲಿಡಬೇಡಿ ಎಂದಷ್ಟೇ ನನ್ನ ವಾದ.

ಎಲ್ಲರೂ ಮೊದಲು ಹೆಸರಿಸುವುದು ಟ್ವಿಟರ್. 2007ರ ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ನಡೆದ ಸೌತ್ ಬೈ ಸೌತ್‌ವೆಸ್ಟ್ ಸಮಾವೇಶದಲ್ಲಿ ಅದು ಲಾಂಚ್ ಆಯಿತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ನಿಜವೆಂದರೆ ಟ್ವಿಟರ್ ಜನರಿಗೆ ತೆರೆದುಕೊಂಡದ್ದು 2006ರ ಜುಲೈನಲ್ಲಿ. ಆಸ್ಟಿನ್‌ಗೆ ಬರುವ ಹೊತ್ತಿಗೆ ಎಂಟು ತಿಂಗಳು ಬಳಕೆಯಾಗಿತ್ತು, ಅದನ್ನು ಬಳಸುತ್ತಿದ್ದ ಎಷ್ಟೋ ಜನ ಆ ಸಮಾವೇಶಕ್ಕೇ ಬರುವವರಿದ್ದರು. ಕಂಪನಿಯವರು ಪ್ರದರ್ಶನಾಂಗಣದಲ್ಲಿ ಮಳಿಗೆ ಹಾಕುವ ಬದಲು, ಒಂದು ಗೋಷ್ಠಿ ಮುಗಿಸಿ ಇನ್ನೊಂದಕ್ಕೆ ಹೋಗುವವರು ನಿಂತು ಹರಟುವ ಪಡಸಾಲೆಗಳಲ್ಲಿ ದೊಡ್ಡ ಪರದೆಗಳನ್ನು ಇಟ್ಟರು. ಯಾವ ಭಾಷಣ ಕೇಳಬಹುದು, ರಾತ್ರಿ ಎಲ್ಲಿ ಸೇರೋಣ ಎಂದು ಅಲ್ಲಿದ್ದವರು ಕಳಿಸಿದ ಸಂದೇಶಗಳು ಅವರ ಕಣ್ಣೆದುರೇ ಪರದೆಯ ಮೇಲೆ ಮೂಡುತ್ತಿದ್ದವು. ದಿನಕ್ಕೆ 20,000ದಷ್ಟಿದ್ದ ಸಂದೇಶಗಳು 60,000ಕ್ಕೆ ಏರಿದವು. ಪರದೆಯ ಮುಂದೆ ನಿಂತವನಿಗೆ ಅದು ಆ ಗಳಿಗೆಯಲ್ಲೇ ಬೇಕಾದ ವಸ್ತುವಾಗಿತ್ತು, ಅವನ ಗೆಳೆಯರು ಆಗಲೇ ಅದರಲ್ಲಿದ್ದರು. ಇದನ್ನು ಲಾಂಚ್ ಎಂದು ಕರೆದು ಮಾದರಿಯಾಗಿ ತೋರಿಸಿದರೆ, ಕೇಳಿದ ಹುಡುಗರು ಆ ಎಂಟು ತಿಂಗಳನ್ನು ಬಿಟ್ಟು ಪರದೆಯನ್ನಷ್ಟೇ ನಕಲು ಮಾಡುತ್ತಾರೆ.

ಡ್ರಾಪ್‌ಬಾಕ್ಸ್ ಕತೆಯೂ ಹೀಗೇ ಇದೆ. ಕಡತಗಳನ್ನು ಅಂತರ್ಜಾಲದಲ್ಲಿ ಇಡುವ ಆ ಸೇವೆ 2008ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟೆಕ್‌ಕ್ರಂಚ್50 ಸ್ಪರ್ಧೆಯ ವೇದಿಕೆಯಲ್ಲಿ ಎಲ್ಲರಿಗೂ ತೆರೆದುಕೊಂಡದ್ದು ನಿಜ. ಆದರೆ ಅದೇ ವರ್ಷದ ಆರಂಭದಲ್ಲಿ ಸ್ಥಾಪಕ ಡ್ರೂ ಹೂಸ್ಟನ್ ಕೆಲವೇ ನಿಮಿಷಗಳ ವಿಡಿಯೊ ಒಂದನ್ನು ಅಂತರ್ಜಾಲದಲ್ಲಿ ಹರಿಯಬಿಟ್ಟಿದ್ದರು. ಸೇವೆಗಾಗಿ ಕಾಯುವವರ ಪಟ್ಟಿ ಒಂದೇ ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಹೋಯಿತು. ವೇದಿಕೆ ಹತ್ತುವ ಎಷ್ಟೋ ಮೊದಲೇ, ಪರೀಕ್ಷಾರ್ಥವಾಗಿ ಒಳಗೆ ಬಿಟ್ಟಿದ್ದ ಬಳಕೆದಾರರು ತಪ್ಪುಗಳನ್ನು ತೋರಿಸಿಕೊಡುತ್ತಿದ್ದರು. ಆ ವರ್ಷ ಅಲ್ಲಿ ಬಹುಮಾನ ಗೆದ್ದದ್ದು ಯ್ಯಾಮರ್, ಡ್ರಾಪ್‌ಬಾಕ್ಸ್ ಅಲ್ಲ. ಅದಕ್ಕೂ ಹಿಂದಿನ ವರ್ಷ ಅದೇ ಸ್ಪರ್ಧೆಯಲ್ಲಿ 50,000 ಡಾಲರ್ ಬಹುಮಾನ ಗೆದ್ದು, 2009ರಲ್ಲಿ ಇಂಟ್ಯೂಟ್‌ಗೆ 17 ಕೋಟಿ ಡಾಲರ್‌ಗೆ ಮಾರಾಟವಾದ ಹಣಕಾಸು ಸೇವೆ ಮಿಂಟ್ ಕೂಡ, ವೇದಿಕೆಗೆ ಮೊದಲು ತಿಂಗಳುಗಟ್ಟಲೆ ಹಣಕಾಸಿನ ಬರಹಗಳನ್ನು ಪ್ರಕಟಿಸಿ ಓದುಗರನ್ನು ಕಲೆಹಾಕಿತ್ತು.

ಜಾತ್ರೆಯಲ್ಲಿ ಅಂಗಡಿ ಹಾಕುವವನು ವಾರದ ಸಂತೆಗಳಲ್ಲಿ ಮಾರಿ ನೋಡಿದ ಸರಕನ್ನೇ ತರುತ್ತಾನೆ. ಈ ಮೂರೂ ಕಂಪನಿಗಳು ಹೆಚ್ಚು ಕಡಿಮೆ ಅದನ್ನೇ ಮಾಡಿದವು.

ಹಾಗಾದರೆ ‘ಇಲ್ಲೇ ಮೊದಲು’ ಎಂಬ ಹಟ ಎಲ್ಲಿಂದ ಬಂತು? ಇದು ಉತ್ಪನ್ನ ಕಟ್ಟುವವರ ಅಗತ್ಯವಲ್ಲ, ಸಮಾವೇಶ ನಡೆಸುವವರ ಅಗತ್ಯ ಎಂದು ನನಗೆ ಅನಿಸುತ್ತದೆ. ಡೆಮೊ ಎಂಬ ಹಳೆಯ ಅಮೆರಿಕನ್ ಸಮಾವೇಶ ಆರು ನಿಮಿಷದ ವೇದಿಕೆಗೆ ಕಂಪನಿಯೊಂದರಿಂದ 18,500 ಡಾಲರ್ ಪಡೆಯುತ್ತಿತ್ತು. ಇದು ಸರಿಯಲ್ಲವೆಂದು ತಂತ್ರಜ್ಞಾನ ಸುದ್ದಿತಾಣವಾದ ಟೆಕ್‌ಕ್ರಂಚ್‌ನವರು 2007ರಲ್ಲಿ ಶುಲ್ಕವಿಲ್ಲದ ಸ್ಪರ್ಧೆ ಆರಂಭಿಸಿದರು. ಬಡ ಸ್ಥಾಪಕರ ಪರವಾದ, ಮೆಚ್ಚಬೇಕಾದ ಹೆಜ್ಜೆ ಅದು. ಆದರೆ ಹಣದ ಬದಲು ಅವರು ಇನ್ನೊಂದನ್ನು ಕೇಳಿದರು: ನಿಮ್ಮ ಉತ್ಪನ್ನ ಬೇರೆಲ್ಲೂ ಬಿಡುಗಡೆಯಾಗಿರಬಾರದು. ಸುದ್ದಿ ಸಂಸ್ಥೆಗೆ ಇದು ಸಹಜ, ಹಳೆಯದನ್ನು ಸುದ್ದಿ ಎನ್ನಲಾಗದು. ಈ ನಿಯಮಕ್ಕೆ ಸ್ಥಾಪಕ ತೆರುವ ಬೆಲೆ ಮಾತ್ರ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಜೂನ್‌ನಲ್ಲೇ ಗ್ರಾಹಕರ ಕೈಗೆ ಕೊಡಬಹುದಾಗಿದ್ದ ವಸ್ತುವನ್ನು ಸೆಪ್ಟೆಂಬರ್‌ವರೆಗೆ ಬಚ್ಚಿಡಬೇಕು. ಕೈಯಲ್ಲಿ ಹತ್ತು ತಿಂಗಳ ಸಂಬಳದ ದುಡ್ಡಿರುವ ಕಂಪನಿಗೆ ಆ ಮೂರು ತಿಂಗಳು ಸಣ್ಣದಲ್ಲ.

ಬಚ್ಚಿಟ್ಟ ಆ ತಿಂಗಳುಗಳಲ್ಲಿ ತಂಡ ಏನು ಮಾಡುತ್ತದೆ? ವೇದಿಕೆಯ ಪ್ರದರ್ಶನ ತಯಾರಿಸುತ್ತದೆ. ಪ್ರದರ್ಶನ ಚೆನ್ನಾಗಿ ಬರಬೇಕಾದರೆ ಕಣ್ಣಿಗೆ ಕಾಣುವ ಭಾಗ ಮಿನುಗಬೇಕು. ಗ್ರಾಹಕ ವಾಪಸು ಕಳಿಸಿದ ವಸ್ತುವಿನ ಲೆಕ್ಕ, ತಪ್ಪಿ ಕಡಿತವಾದ ಹಣದ ಮರುಪಾವತಿ, ಮಧ್ಯರಾತ್ರಿ ಸರ್ವರ್ ನಿಂತರೆ ಎಬ್ಬಿಸುವ ಏರ್ಪಾಡು, ಇವು ಯಾವುವೂ ಆರು ನಿಮಿಷದಲ್ಲಿ ತೋರಿಸುವಂಥವಲ್ಲ. 2007ರ ಜನವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ವೇದಿಕೆಯಲ್ಲಿ ಐಫೋನ್ ತೋರಿಸಿದಾಗ ಆ ಫೋನ್ ಇನ್ನೂ ಪಕ್ವವಾಗಿರಲಿಲ್ಲ. ಮೊದಲು ಇಮೇಲ್, ಆಮೇಲೆ ಜಾಲತಾಣ ತೆರೆದರೆ ಕೆಲಸ ಮಾಡುತ್ತಿತ್ತು, ತಿರುವುಮುರುವಾದರೆ ಕೈಕೊಡುತ್ತಿತ್ತು. ಹಾಗಾಗಿ ಎಂಜಿನಿಯರುಗಳು ಯಾವುದರ ನಂತರ ಯಾವುದು ಎಂಬ ಕ್ರಮವನ್ನು ಹುಡುಕಿಟ್ಟಿದ್ದರು. ನೆಟ್‌ವರ್ಕ್ ಯಾವಾಗಲೂ ಐದು ಗೆರೆ ತೋರಿಸುವಂತೆ ಮಾಡಿದ್ದರು. ಆಪಲ್‌ಗೆ ಅದಾದ ಮೇಲೆ ಫೋನನ್ನು ಮಾರುಕಟ್ಟೆಗೆ ತರಲು ಐದೂವರೆ ತಿಂಗಳ ಸಮಯವಿತ್ತು, ಬೇಕಾದಷ್ಟು ಎಂಜಿನಿಯರುಗಳಿದ್ದರು. ನಾಲ್ಕು ಜನರ ಕಂಪನಿಗೆ ಚಪ್ಪಾಳೆಯ ಮರುದಿನ ಬೆಳಗ್ಗೆಯೇ ಗ್ರಾಹಕರು ಬಂದಿರುತ್ತಾರೆ, ಅವರು ಆ ಕ್ರಮದಲ್ಲೇ ಗುಂಡಿ ಒತ್ತುವುದಿಲ್ಲ.

ವೇದಿಕೆಯಲ್ಲಿ ಹೊಳೆಯುವುದೇ ಬೇರೆ, ದಿನನಿತ್ಯ ಬೇಕಾಗುವುದೇ ಬೇರೆ ಎಂಬುದಕ್ಕೆ ಕ್ವಿಕಿ ಸಾಕ್ಷಿ. ಯಾವುದೇ ವಿಷಯ ಕೇಳಿದರೂ ಚಿತ್ರ, ಧ್ವನಿ ಸೇರಿಸಿ ಕತೆಯಂತೆ ಹೇಳುತ್ತಿದ್ದ ಈ ಸೇವೆ 2010ರಲ್ಲಿ ಟೆಕ್‌ಕ್ರಂಚ್ ಡಿಸ್‌ರಪ್ಟ್ ಸ್ಪರ್ಧೆ ಗೆದ್ದಿತು. 2013ರಲ್ಲಿ ಯಾಹೂ ಅದನ್ನು ಕೊಂಡಿತು, ಮುಂದಿನ ವರ್ಷವೇ ಸೇವೆ ನಿಂತುಹೋಯಿತು.

ನನ್ನ ವಾದಕ್ಕೆ ಅರ್ಧ ಅಡ್ಡ ಬರುವ ಉದಾಹರಣೆಯೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಫಿಟ್‌ಬಿಟ್ ಎಂಬ ನಡಿಗೆ ಎಣಿಸುವ ಸಾಧನದ ಕಂಪನಿಯೂ 2008ರಲ್ಲಿ ಅದೇ ಟೆಕ್‌ಕ್ರಂಚ್50 ವೇದಿಕೆ ಏರಿತು. ಐವತ್ತು ಮುಂಗಡ ಬುಕಿಂಗ್ ಬಂದರೆ ಹೆಚ್ಚು ಎಂದುಕೊಂಡಿದ್ದವರಿಗೆ 2,000 ಬಂದವು. ಮೊದಲ ಸಾಧನಗಳು ಗ್ರಾಹಕರ ಕೈಸೇರಿದ್ದು 2009ರ ಕೊನೆಗೆ. ಒಂದು ವರ್ಷಕ್ಕೂ ಮೀರಿದ ಕಾಯುವಿಕೆ ಅದು, ಹಣ ಮುಗಿಯುವ ಅಂಚಿನಲ್ಲಿದ್ದ ಕಂಪನಿಗೆ ಪ್ರಾಣಸಂಕಟ. ಆದರೂ ಆ 2,000 ಬುಕಿಂಗ್ ಇಲ್ಲದಿದ್ದರೆ, ಕಾರ್ಖಾನೆಗೆ ಆರ್ಡರ್ ಕೊಡುವ ಧೈರ್ಯವೂ ಹೂಡಿಕೆದಾರರ ಮುಂದೆ ಇಡುವ ಪುರಾವೆಯೂ ಅವರಿಗೆ ಸಿಗುತ್ತಿರಲಿಲ್ಲವೇನೋ. ಕೈಯಲ್ಲಿ ಹಿಡಿಯುವ ಸಾಧನ ತಯಾರಿಸುವವರು ವೇದಿಕೆಯಲ್ಲೇ ಮೊದಲು ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ ಎಂದು ಒಪ್ಪುತ್ತೇನೆ. ಆ್ಯಪ್ ಬರೆಯುವವರಿಗೆ ಆ ಕಾರಣ ಇಲ್ಲ. ಅವರು ಇವತ್ತೇ ಹತ್ತು ಜನರಿಗೆ ಕೊಟ್ಟು ನಾಳೆ ತಿದ್ದಬಹುದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಹೂಡಿಕೆದಾರರು ಕಾಫಿ ಅಂಗಡಿಯಲ್ಲಿ ಸಿಗುತ್ತಾರೆ, ಕಲಬುರಗಿಯ ಹುಡುಗಿಗೆ ಬೆಂಗಳೂರು ಟೆಕ್ ಸಮಿಟ್ ಬಿಟ್ಟರೆ ಯಾವ ಬಾಗಿಲಿದೆ? 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಎಂದು ಶುರುವಾದ ಈ ಸಮಾವೇಶ ರಾಜ್ಯದ ಎಷ್ಟೋ ಜನರಿಗೆ ಮೊದಲ ಪರಿಚಯಗಳನ್ನು ಕೊಟ್ಟಿದೆ. ಅವಳು ಖಂಡಿತ ಬರಬೇಕು. ಆದರೆ ಪರಿಚಯಕ್ಕೆ ಲಾಂಚ್ ಬೇಕಿಲ್ಲ. ಊರಿನ ಆರು ಔಷಧಿ ಅಂಗಡಿಗಳು ಮೂರು ತಿಂಗಳಿಂದ ದುಡ್ಡು ಕೊಟ್ಟು ತನ್ನ ತಂತ್ರಾಂಶ ಬಳಸುತ್ತಿವೆ ಎಂದು ಹೇಳುವ ಸ್ಥಾಪಕಿಯ ಮಾತನ್ನು ಹೂಡಿಕೆದಾರ ನಿಂತು ಕೇಳುತ್ತಾನೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಡಿ 50 ಲಕ್ಷ ರೂಪಾಯಿವರೆಗೆ ಅನುದಾನ ಕೇಳುವಾಗಲೂ ಅವಳ ಕೈಯಲ್ಲಿ ಆ ಆರು ಅಂಗಡಿಗಳ ಲೆಕ್ಕ ಇರುವುದು ಒಳ್ಳೆಯದು.

ಬೆಂಗಳೂರಿನದೇ ಫ್ಲಿಪ್‌ಕಾರ್ಟ್ 2007ರಲ್ಲಿ ಪುಸ್ತಕ ಮಾರುವ ಜಾಲತಾಣವಾಗಿ ಆರಂಭವಾದಾಗ ಸ್ಥಾಪಕರಾದ ಸಚಿನ್ ಮತ್ತು ಬಿನ್ನಿ ಬನ್ಸಲ್ ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಬುಕ್‌ಮಾರ್ಕ್ ಹಂಚಿದರು. ಅಂಗಡಿಯಿಂದ ಹೊರಬರುವ ಪ್ರತಿಯೊಬ್ಬರೂ ಪುಸ್ತಕ ಕೊಳ್ಳುವ ಅಭ್ಯಾಸ ಉಳ್ಳವರು. ಯಾವ ಸಭಾಂಗಣದಲ್ಲೂ ಅಷ್ಟು ಸರಿಯಾದ ಪ್ರೇಕ್ಷಕರು ಸಿಗುವುದಿಲ್ಲ. ಮೊದಲ ಆರ್ಡರ್ ಮಹಬೂಬ್‌ನಗರದಿಂದ ಬಂತು. ಆ ಪುಸ್ತಕಕ್ಕಾಗಿ ಅವರು ಬೆಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತಬೇಕಾಯಿತು. ಒಂದು ಆರ್ಡರ್ ಆದ್ದರಿಂದ ಸುತ್ತಿ ಹುಡುಕಿ ಕಳಿಸಲು ಸಾಧ್ಯವಾಯಿತು. ಯಾವುದೋ ವೇದಿಕೆಯ ಚಪ್ಪಾಳೆಯಿಂದ ಅಂಥ 2,000 ಆರ್ಡರ್ ಅದೇ ದಿನ ಬಂದಿದ್ದರೆ ಏನಾಗುತ್ತಿತ್ತು, ಊಹಿಸಿ.

ಸಮಾವೇಶ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ‘ಬೇರೆಲ್ಲೂ ತೋರಿಸಿಲ್ಲ’ ಎಂಬ ಷರತ್ತನ್ನು ಕೈಬಿಟ್ಟು, ಹಣ ಕೊಟ್ಟು ಬಳಸುತ್ತಿರುವ ಗ್ರಾಹಕನೊಬ್ಬನನ್ನು ಜೊತೆಗೆ ಕರೆತನ್ನಿ ಎಂದು ಕೇಳಿ. ಆರು ನಿಮಿಷದಲ್ಲಿ ಎರಡನ್ನು ಅವನಿಗೆ ಕೊಡಿ. ಏನು ಕೆಟ್ಟಿತು, ಕೆಟ್ಟಾಗ ಕಂಪನಿಯವರು ಎಷ್ಟು ಹೊತ್ತಿನಲ್ಲಿ ಫೋನ್ ಎತ್ತಿದರು ಎಂದು ಅವನೇ ಹೇಳಲಿ. ಬೆಂಗಳೂರಿನ ಸಮಾವೇಶಕ್ಕೆ ಸರ್ಕಾರವೇ ಆತಿಥೇಯ. ಸಾರಿಗೆ, ಆರೋಗ್ಯ, ಸಹಕಾರ ಇಲಾಖೆಗಳ ಜಿಲ್ಲಾ ಅಧಿಕಾರಿಗಳನ್ನು ಒಂದು ದಿನದ ಮಟ್ಟಿಗೆ ಕರೆಸಿ, ತಮಗೆ ಬೇಕಾಗಿರುವುದೇನು, ಖರೀದಿಗೆ ಅಡ್ಡವಾಗಿರುವ ನಿಯಮ ಯಾವುದು ಎಂದು ಅವರಿಂದಲೇ ಹೇಳಿಸುವುದು ಬೇರೆಯವರಿಗಿಂತ ಸರ್ಕಾರಕ್ಕೆ ಸುಲಭ.