ರಿಪೇರಿ ಮಾಡುವವನನ್ನು ಅಪರಾಧಿಯ ಸಾಲಿಗೆ ಸೇರಿಸಬೇಡಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ಈ ಪತ್ರವನ್ನು ಮೈಸೂರಿನಿಂದ ಬರೆಯುತ್ತಿದ್ದೇನೆ. ನೌಕರಿ ಮುಗಿದ ಮೇಲಿನ ಸಂಜೆಗಳು, ಭಾನುವಾರಗಳು ನನಗೆ ಮನೆಯ ಹಿಂದಿನ ಶೀಟು ಹೊದಿಸಿದ ಶೆಡ್ಡಿನಲ್ಲಿ ಕಳೆಯುತ್ತವೆ. ಗುಜರಿಗೆ ಹೊರಟ ಮೋಟಾರ್ ಸೈಕಲ್‌ಗಳನ್ನು ತಂದು, ನಟ್ಟುಬೋಲ್ಟು ಬಿಚ್ಚಿ, ಮತ್ತೆ ಓಡುವಂತೆ ಕಟ್ಟುವುದು ನನ್ನ ಹವ್ಯಾಸ. ಇದರಲ್ಲಿ ವ್ಯಾಪಾರ ಇಲ್ಲ. ನನ್ನಂಥವರು ಈ ರಾಜ್ಯದ ಊರೂರಲ್ಲೂ ಇದ್ದಾರೆ. ನಾವು ನಿಮ್ಮಲ್ಲಿ ಕೇಳುವುದು ಒಂದೇ. ರಿಪೇರಿ ಎಲ್ಲಿಗೆ ಮುಗಿಯುತ್ತದೆ, ಕಾನೂನು ಒಪ್ಪದ ಮಾರ್ಪಾಡು ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆಯನ್ನು ನಿಮ್ಮ ಇಲಾಖೆ ಬರಹದಲ್ಲಿ ಎಳೆದುಕೊಡಬೇಕು. ಇವತ್ತು ಆ ಗೆರೆ ಕೌಂಟರಿನಲ್ಲಿ ಕೂತವರ, ರಸ್ತೆಯಲ್ಲಿ ಗಾಡಿ ನಿಲ್ಲಿಸುವವರ ಮರ್ಜಿಯ ಮೇಲಿದೆ.

ಈ ಮಾತನ್ನು ಮೈಸೂರಿನವರು ಎತ್ತುವುದಕ್ಕೆ ಕಾರಣವಿದೆ. 1960ರ ದಶಕದ ಆರಂಭದಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲ ಜಾವಾ ಮೋಟಾರ್ ಸೈಕಲ್‌ಗಳು ಹೊರಬಂದವು. 1973ರಿಂದ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾದರಿ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿ ದುಡಿದ ಕೆಲವರು ಆಮೇಲೆ ಊರೊಳಗೆ ಸ್ವಂತ ಗ್ಯಾರೇಜು ಇಟ್ಟರು. ಹಾಗಾಗಿ ಗಾಡಿ ತಯಾರಾಗುವುದು ನಿಂತರೂ ಗಾಡಿಯ ವಿದ್ಯೆ ಊರಲ್ಲೇ ಉಳಿಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮರಳಿ ಬಂದವು, ಸಂತೋಷ. ಆದರೆ ಆ ಹೊಸ ಗಾಡಿಗಳಿಗೂ ನಮ್ಮ ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿಗೂ ಒಂದು ಬೋಲ್ಟಿನ ಸಂಬಂಧವೂ ಇಲ್ಲ. ಹಳೆಯದಕ್ಕೆ ಇವತ್ತು ಕಂಪನಿ ಎಂಬುದೇ ಇಲ್ಲ. ಗುಜರಿ, ಲೇತ್ ಅಂಗಡಿ, ಹಳೆ ಮೆಕ್ಯಾನಿಕ್ಕಿನ ಕೈ, ಈ ಮೂರೇ ಅದರ ಆಸರೆ.

ಶೆಡ್ಡಿನಲ್ಲಿ ನಡೆಯುವುದೇನು ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಿಮ್ಮ ಅಧಿಕಾರಿಗಳಲ್ಲಿ ಬಹಳ ಜನರ ಮನಸ್ಸಿನಲ್ಲಿ ‘ಹಳೆ ಬೈಕು ರೆಡಿ ಮಾಡುವವನು’ ಎಂದರೆ ಸೈಲೆನ್ಸರ್ ಕೊರೆದು ಓಣಿಯ ನಿದ್ದೆ ಕೆಡಿಸುವವನು ಎಂದೇ ಇದೆ.

ಒಂದು ರೋಡ್‌ಕಿಂಗ್ ಬಿಳಿ ಹೊಗೆ ಉಗುಳುತ್ತಾ ಶೆಡ್ಡಿಗೆ ಬಂತು ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಜಾಸ್ತಿಯಾಗಿದೆ ಎಂದು ಮೊದಲು ಎಲ್ಲರೂ ಹೇಳುತ್ತಾರೆ. ಆಯಿಲ್ ಕಡಿಮೆ ಮಾಡಿದರೂ ಹೊಗೆ ನಿಲ್ಲದಿದ್ದರೆ ನೋಡಬೇಕಾದ್ದು ಎಡಗಡೆಯ ಕ್ರ್ಯಾಂಕ್ ಆಯಿಲ್ ಸೀಲನ್ನು. ಎಡಗಡೆ ಪ್ರೈಮರಿ ಚೈನು ಗೇರ್ ಆಯಿಲ್‌ನಲ್ಲಿ ಮುಳುಗಿ ತಿರುಗುತ್ತಿರುತ್ತದೆ. ವರ್ಷಗಟ್ಟಲೆ ಬಿಸಿಗೆ ಆ ಸೀಲಿನ ರಬ್ಬರ್ ತುಟಿ ಗಡುಸಾಗಿ ಕ್ರ್ಯಾಂಕಿನ ಹಿಡಿತ ಬಿಡುತ್ತದೆ. ಪಿಸ್ಟನ್ ಮೇಲೇರಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್‌ಕೇಸು ಎಳೆಯುವ ಗಾಳಿಯ ಜೊತೆ ಗೇರ್ ಆಯಿಲನ್ನೂ ಎಳೆದುಕೊಳ್ಳುತ್ತದೆ, ಅದು ಸಿಲಿಂಡರಿಗೆ ಹೋಗಿ ಉರಿಯುತ್ತದೆ. ಸೀಲಿನ ಬೆಲೆ ತೀರಾ ಕಡಿಮೆ. ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಕ್ಲಚ್ಚು, ಪ್ರೈಮರಿ ಚೈನು ಎಲ್ಲ ಬಿಚ್ಚಬೇಕು. ಅಷ್ಟಾದ ಮೇಲೆ ಬೋರು ನೋಡದೆ ಮುಚ್ಚುವುದು ಸರಿಯಲ್ಲ. 65 ಮಿಲಿಮೀಟರ್‌ನ ಸಿಲಿಂಡರ್ ಅಂಡಾಕಾರಕ್ಕೆ ಸವೆದಿದ್ದರೆ ರೀಬೋರ್ ಮಾಡಿಸಿ, ಕಾಲು ಮಿಲಿಮೀಟರ್ ಇಲ್ಲವೇ ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಬೇಕು.

ಸೈಲೆನ್ಸರಿನದೂ ಇಂಥದೇ ಕಥೆ. ಟೂ-ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಒಳಗಿನ ಬ್ಯಾಫಲ್ ಕೊಳವೆಗೆ ಕಾಲಕ್ರಮದಲ್ಲಿ ಡಾಂಬರಿನಂಥ ಇಂಗಾಲ ಮೆತ್ತಿಕೊಂಡು ತೂತುಗಳು ಮುಚ್ಚಿಹೋಗುತ್ತವೆ, ಗಾಡಿ ಎಳೆಯುವುದಿಲ್ಲ. ಬ್ಯಾಫಲ್ಲನ್ನೇ ಕಿತ್ತು ಬಿಸಾಡಿದರೆ ಸುಲಭ. ಗಾಡಿಯೂ ಎಳೆಯುತ್ತದೆ, ಬೀದಿಯೂ ನಡುಗುತ್ತದೆ. ಸರಿಯಾದ ದಾರಿ ಅದನ್ನು ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಲ್ಲಿ ಒಂದೊಂದೇ ತೂತು ಬಿಡಿಸಿ, ಮತ್ತೆ ಕೂರಿಸುವುದು. ಕೈ ಸುಡುವ ಕೆಲಸ, ಗ್ಲೌಸ್ ಬೇಕೇಬೇಕು. ನಾವು ಮಾಡುವುದು ಈ ಎರಡನೆಯದನ್ನು. ಎಂಜಿನ್ ಹೀಗೆ ಸರಿಹೋದ ಗಾಡಿಗೆ ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟವಲ್ಲ. 2000ದ ಮಾರ್ಚ್‌ಗಿಂತ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 4.5. ಸೀಲು, ಬೋರು, ಕಾರ್ಬೊರೇಟರ್ ಮೂರೂ ಸರಿಯಿದ್ದರೆ ಆ ಮಿತಿಯೊಳಗೆ ಬರಬಹುದು. ಅದೇ ಗಾಡಿ ರಿಪೇರಿ ಕಾಣದೆ ಹೊಗೆ ಬಿಡುತ್ತಾ ಓಡುವುದು ಎಲ್ಲರಿಗೂ ಕೇಡು.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಹೇಳುವುದು ಇಷ್ಟು: ನೋಂದಣಿ ಪತ್ರ, ಅಂದರೆ ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ವಾಹನವನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಈ ಕಾನೂನಿನ ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಚಾಸಿಯ ಕುತ್ತಿಗೆ ಕೊಯ್ದು, ಫೋರ್ಕ್ ಮುಂದಕ್ಕೆ ಚಾಚಿಸಿ, ಬೀದಿಬದಿಯಲ್ಲಿ ವೆಲ್ಡಿಂಗ್ ಹೊಡೆಸಿದ ಗಾಡಿ ಹೆದ್ದಾರಿಯಲ್ಲಿ ಕುತ್ತಿಗೆ ಬಿಟ್ಟರೆ ಸಾಯುವುದು ಸವಾರ ಒಬ್ಬನೇ ಆಗಿರಬೇಕಿಲ್ಲ. ಚಾಸಿಗೆ ಗರಗಸ ಇಟ್ಟವರನ್ನು ನಮ್ಮ ಬಳಗದಲ್ಲೂ ಯಾರೂ ಮೆಚ್ಚುವುದಿಲ್ಲ. ಆರ್‌ಎಕ್ಸ್ 100 ಎಷ್ಟು ಚೆಂದದ ಗಾಡಿ! ಅದಕ್ಕೆ ಖಾಲಿ ಕೊಳವೆಯ ಸೈಲೆನ್ಸರ್ ಸಿಕ್ಕಿಸಿ ಆಸ್ಪತ್ರೆಯ ಮುಂದೆ ಸಿಡಿಸುತ್ತಾ ಹೋಗುವವರಿಂದ ಇಡೀ ಹವ್ಯಾಸಕ್ಕೇ ಕೆಟ್ಟ ಹೆಸರು. ನಮ್ಮ ಊರುಗಳಲ್ಲಿ ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್‌ರೋಲರ್ ಹತ್ತಿಸಿದಾಗ ನನಗೆ ಸಮಾಧಾನವೇ ಆಯಿತು.

ತೊಂದರೆ ಇರುವುದು ಇನ್ನೊಂದು ತುದಿಯಲ್ಲಿ. ನ್ಯಾಯವಾಗಿ ರಿಪೇರಿ ಮಾಡಿದವನು ಅದನ್ನು ದಾಖಲಿಸಲು ಹೋದಾಗ ಅವನಿಗೆ ಬಾಗಿಲೇ ಸಿಗುವುದಿಲ್ಲ.

ನನ್ನದೇ ಒಂದು ಪ್ರಕರಣ ಹೇಳುತ್ತೇನೆ. ಹಿಂದಿನ ಚಕ್ರದ ಚೈನು ಓಡುವಾಗ ತುಂಡಾದರೆ ಅದು ಮುಂದಿನ ಹಲ್ಲುಚಕ್ರದ ಹತ್ತಿರ ಮುದ್ದೆಯಾಗಿ ಸಿಕ್ಕಿಕೊಂಡು ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸನ್ನು ಒಡೆದುಬಿಡುವುದುಂಟು. ನಾನು ಕೊಂಡ ರೋಡ್‌ಕಿಂಗ್‌ಗೆ ಹಾಗಾಗಿತ್ತು. ಎಂಜಿನ್ ನಂಬರ್ ಇರುವುದು ಆ ಕೇಸಿನ ಮೇಲೇ. ವೆಲ್ಡಿಂಗ್ ನಿಲ್ಲದಷ್ಟು ಒಡೆದಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ಅದೇ ಮಾದರಿಯ, ಅದೇ 250 ಸಿಸಿಯ ಇನ್ನೊಂದು ಎಂಜಿನ್ ತಂದೆ. ಕಂಪನಿ ಅದೇ, ಶಕ್ತಿಯೂ ಅದೇ, ನಂಬರ್ ಮಾತ್ರ ಬೇರೆ. ಆರ್‌ಸಿಯಲ್ಲಿ ಹೊಸ ನಂಬರ್ ನಮೂದಿಸಿಕೊಡಿ ಎಂದು ಒಂದು ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟೆ. ತಯಾರಕ ಕಂಪನಿಯ ಪತ್ರ ತನ್ನಿ ಎಂದರು. ಕಂಪನಿ 1996ರಲ್ಲೇ ಮುಚ್ಚಿದೆ ಎಂದೆ. ಹಾಗಾದರೆ ಆಗುವುದಿಲ್ಲ ಎಂದರು. ಇನ್‌ಸ್ಪೆಕ್ಟರ್ ಒಮ್ಮೆ ಗಾಡಿ ನೋಡಲಿ ಎಂದು ಕೇಳಿಕೊಂಡರೂ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಹೊರಗೆ ಚಹದಂಗಡಿ ಮುಂದೆ ನಿಂತಿದ್ದ ಏಜೆಂಟ್ ಹತ್ತಿರ ಮಾತ್ರ ಉತ್ತರ ಸಿದ್ಧವಿತ್ತು: ‘ಹೊಸ ಕೇಸಿನ ನಂಬರ್ ಉಜ್ಜಿ, ಹಳೆ ನಂಬರ್ ಪಂಚ್ ಹೊಡೆಸಿಬಿಡಿ ಸರ್, ಯಾರಿಗೂ ಗೊತ್ತಾಗಲ್ಲ.’

ಸಚಿವರೇ, ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ. ಕದ್ದ ಗಾಡಿ ಮಾರುವವರು ಮಾಡುವ ಕೆಲಸ ಅದು. ಸತ್ಯ ಹೇಳಲು ಹೋದವನಿಗೆ ವ್ಯವಸ್ಥೆ ತೋರಿಸಿದ ಒಂದೇ ದಾರಿ ಸುಳ್ಳು ನಂಬರಿನದು. ನಾನು ಹೊಡೆಸಲಿಲ್ಲ, ಆ ಗಾಡಿ ಈಗಲೂ ಶೆಡ್ಡಿನಲ್ಲೇ ನಿಂತಿದೆ. ಎಷ್ಟೋ ಜನ ಬೇಸತ್ತು ಹೊಡೆಸಿದ್ದಾರೆ. ಅವರನ್ನು ಕಳ್ಳರೆನ್ನಲು ನನಗೆ ಬಾಯಿ ಬರುವುದಿಲ್ಲ.

ಎಂಜಿನ್ ಬದಲಿಸಲೇಬಾರದು ಎಂದು ಕಾಯ್ದೆ ಹೇಳುವುದಿಲ್ಲ, ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು ಎನ್ನುತ್ತದೆ, ಅಷ್ಟೆ. ಒಪ್ಪಿಗೆ ಕೊಡುವ ಮುನ್ನ ಎಂಜಿನ್ ಕದ್ದದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ನ್ಯಾಯ. ಅದಕ್ಕೆ ದಾರಿಯೂ ಈಗಾಗಲೇ ಇದೆ. ಎಂಜಿನ್ ನಂಬರ್ ಕಳವಿನ ಪಟ್ಟಿಯಲ್ಲಿ ಇದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದಲ್ಲಿ ನೋಡಿ ವರದಿ ಪಡೆಯಬಹುದು. ಆ ವರದಿ, ಗುಜರಿ ಅಂಗಡಿಯ ರಸೀದಿ, ಮಾಲೀಕನ ಅಫಿಡವಿಟ್, ಇನ್‌ಸ್ಪೆಕ್ಟರರ ಖುದ್ದು ತಪಾಸಣೆ, ಇಷ್ಟಿದ್ದರೆ ಮುಚ್ಚಿಹೋದ ಕಂಪನಿಯ ಪತ್ರ ಯಾಕೆ ಬೇಕು?

ದಾಖಲೆಯದು ಇನ್ನೊಂದು ಗೋಳು. ಕೆಎ ಸರಣಿ ಬರುವ ಮುಂಚಿನ ನಂಬರಿನ ಎಷ್ಟೋ ಗಾಡಿಗಳ ವಿವರ ದಪ್ಪ ಲೆಡ್ಜರುಗಳಲ್ಲೇ ಉಳಿದಿದೆ, ಕಂಪ್ಯೂಟರಿಗೆ ಏರಿಲ್ಲ. ಬ್ಯಾಕ್‌ಲಾಗ್ ಎಂಟ್ರಿ ಆಗದ ಹೊರತು ನವೀಕರಣವೂ ಇಲ್ಲ, ಹೆಸರು ವರ್ಗಾವಣೆಯೂ ಇಲ್ಲ. ಪುಟ ಹರಿದಿದ್ದರೆ, ಕಡತ ಸಿಗದಿದ್ದರೆ ಅಲೆಯಬೇಕಾದವನು ಮಾಲೀಕ. ಕಡತ ಕಾಪಾಡಬೇಕಾದ್ದು ಇಲಾಖೆಯಾದರೂ ಅದು ಕಳೆದುಹೋದಾಗ ಅನುಮಾನ ಬೀಳುವುದು ಮೂಲ ಆರ್‌ಸಿ ಪುಸ್ತಕವನ್ನು ಅಪ್ಪನ ಕಾಲದಿಂದ ಟ್ರಂಕಿನಲ್ಲಿ ಜೋಪಾನ ಮಾಡಿದವನ ಮೇಲೆ. ಶುಲ್ಕದ ಬಗ್ಗೆ ನನ್ನ ತಕರಾರಿಲ್ಲ. 2022ರ ಏಪ್ರಿಲ್‌ನಲ್ಲಿ ಬೈಕಿನ ನೋಂದಣಿ ನವೀಕರಣ ಶುಲ್ಕ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಬೈಕಿಗೆ 2,000 ಆಯಿತು. ಕೊಡುತ್ತೇವೆ. ದುಡ್ಡು ಕೊಟ್ಟವನ ಕೆಲಸ ಆಗಬೇಕು.

‘ವಿಂಟೇಜ್ ನಿಯಮ ಇದೆಯಲ್ಲ’ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಇದೆ. 2021ರ ಆ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ ಐವತ್ತು ವರ್ಷ ಆಗಿರಬೇಕು. ಅದನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರತೆಗೆಯಬಹುದೇ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಗಾಜಿನ ಹಿಂದೆ ಗಾಡಿ ನಿಲ್ಲಿಸಿ ಒರೆಸುವ ಅನುಕೂಲಸ್ಥರಿಗೆ ಇದು ಒಳ್ಳೆಯ ನಿಯಮ. ಆದರೆ 1996ರಲ್ಲಿ ಹೊರಬಂದ ಕೊನೆಯ ರೋಡ್‌ಕಿಂಗ್‌ಗೆ ಐವತ್ತು ತುಂಬುವುದು 2046ಕ್ಕೆ. ಮೊದಲ ನೋಂದಣಿಯ ಹದಿನೈದು ವರ್ಷ ಮುಗಿದ ಮೇಲೆ ಐವತ್ತು ತುಂಬುವವರೆಗಿನ ಮೂವತ್ತೈದು ವರ್ಷ ಅದು ಏನಾಗಿರಬೇಕು? ಮಾಲೀಕ ಅದನ್ನು ಮಾರುಕಟ್ಟೆಗೆ, ತೋಟಕ್ಕೆ, ಮದುವೆಮನೆಗೆ ಓಡಿಸಬೇಕೆಂದೇ ಸರಿಮಾಡಿಸಿರುತ್ತಾನೆ.

ಇದು ಹವ್ಯಾಸಿಗಳ ತಲೆನೋವು ಮಾತ್ರವೂ ಅಲ್ಲ. ಊಟ ತಲುಪಿಸುವ ಕೆಲಸಕ್ಕೆ ಸೇರಿದ ಹುಡುಗ ಮೂರನೇ ಕೈಯ ಸ್ಪ್ಲೆಂಡರ್ ಕೊಳ್ಳುತ್ತಾನೆ. ಬ್ರೇಕ್ ಲೈನರ್, ಕೋನ್‌ಸೆಟ್, ಚೈನ್ ಸ್ಪ್ರಾಕೆಟ್ ಬದಲಿಸಿ, ತುಕ್ಕು ಹಿಡಿದ ಟ್ಯಾಂಕಿಗೆ ಕೈಗೆ ಸಿಕ್ಕ ಬಣ್ಣ ಹೊಡೆಸಿ ದುಡಿಮೆಗೆ ಇಳಿಯುತ್ತಾನೆ. ಆರ್‌ಸಿಯಲ್ಲಿ ಕಪ್ಪು ಎಂದಿದೆ, ಗಾಡಿ ಕೆಂಪಗಿದೆ. ಬಣ್ಣ ಬದಲಿಸಿದ್ದನ್ನೂ ನಮೂದಿಸಬೇಕು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಅವನೂ ಚಾಸಿ ಕೊಯ್ದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಳೆ ಯೆಜ್ಡಿಯ 6 ವೋಲ್ಟ್ ದೀಪದಲ್ಲಿ ಹಂಪ್ ಕಾಣುವುದಿಲ್ಲವೆಂದು 12 ವೋಲ್ಟ್‌ಗೆ ಬದಲಿಸಿಕೊಂಡವನ ಗತಿ ಏನು? ಅವನು ಮಾಡಿದ್ದರಿಂದ ರಸ್ತೆ ಹೆಚ್ಚು ಕ್ಷೇಮವಾಗಿದೆ. ಅದು ಸರಿಯೋ ತಪ್ಪೋ ಎಂದು ಕೇಳಿದರೆ ಕಚೇರಿಗೊಂದು ಉತ್ತರ ಬರುತ್ತದೆ.

ಒಳ್ಳೆಯ ಮಾರ್ಪಾಡು ಎಂಬುದೊಂದು ಇದೆ ಎಂದು ಈ ಕಾಯ್ದೆಗೇ ಗೊತ್ತು. ಅಂಗವಿಕಲರು ತಮ್ಮ ಸ್ಕೂಟರಿಗೆ ಪಕ್ಕದ ಎರಡು ಚಕ್ರ ಹಾಕಿಸಿಕೊಂಡು ಒಪ್ಪಿಗೆ ಪಡೆಯಲು 52ನೇ ಕಲಮೇ ಜಾಗ ಮಾಡಿಕೊಟ್ಟಿದೆ. ಇನ್‌ಸ್ಪೆಕ್ಟರ್ ಬಂದು ಗಾಡಿ ನೋಡುತ್ತಾರೆ, ಸರಿಯಿದ್ದರೆ ಆರ್‌ಸಿಯಲ್ಲಿ ಬರೆಯುತ್ತಾರೆ. ಆ ಪದ್ಧತಿಯನ್ನೇ ಹಳೆ ಬೈಕಿಗೂ ತನ್ನಿ. ಕಾಯ್ದೆ ಕೇಂದ್ರದ್ದು ಎಂದು ನನಗೆ ಗೊತ್ತು. ಆದರೆ ನೋಂದಣಿ ಪ್ರಾಧಿಕಾರ ರಾಜ್ಯದ್ದು, ನೋಂದಣಿಯ ಅಧ್ಯಾಯದಡಿ ನಿಯಮ ರೂಪಿಸುವ ಅಧಿಕಾರವನ್ನು 65ನೇ ಕಲಮು ರಾಜ್ಯಕ್ಕೆ ಕೊಟ್ಟಿದೆ, ಮತ್ತು ಒಂದು ಸುತ್ತೋಲೆ ಹೊರಡಿಸಲು ದೆಹಲಿಗೆ ಹೋಗಬೇಕಿಲ್ಲ.

ಆ ಸುತ್ತೋಲೆಯಲ್ಲಿ ಯಾವುದಕ್ಕೆ ಅನುಮತಿಯೇ ಬೇಡ, ಯಾವುದಕ್ಕೆ ಅರ್ಜಿ ಕೊಟ್ಟು ನಮೂದು ಮಾಡಿಸಬೇಕು, ಯಾವುದನ್ನು ಮುಟ್ಟಲೇಬಾರದು ಎಂಬ ಪಟ್ಟಿ ಕನ್ನಡದಲ್ಲಿ ಇರಲಿ, ಪ್ರತಿ ಸಾರಿಗೆ ಕಚೇರಿಯ ಗೋಡೆಯ ಮೇಲೆ, ಪ್ರತಿ ಸಂಚಾರ ಠಾಣೆಯಲ್ಲಿ ಅಂಟಿಸಲಿ. ತಿಂಗಳಿಗೊಂದು ದಿನ ಹಳೆ ಗಾಡಿಗಳ ತಪಾಸಣೆಗೆಂದೇ ಮೀಸಲಿಡಿ. ಬ್ರೇಕು, ದೀಪ, ಹೊಗೆ, ಶಬ್ದ ಎಲ್ಲವನ್ನೂ ಅಳೆಯಿರಿ. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲೇ 80 ಡೆಸಿಬೆಲ್ ಮಿತಿ ಗೊತ್ತುಮಾಡಿರುವಾಗ, ಶಬ್ದವನ್ನು ಕಿವಿಯಂದಾಜಿನಲ್ಲಿ ತೀರ್ಮಾನಿಸುವುದನ್ನು ಬಿಟ್ಟು ಮೀಟರ್ ಇಡಿ. ಫೇಲಾದ ಗಾಡಿಯನ್ನು ವಾಪಸ್ ಕಳಿಸಿ, ನಾವು ಸರಿಮಾಡಿಕೊಂಡು ಮತ್ತೆ ತರುತ್ತೇವೆ. ಲೆಡ್ಜರುಗಳಲ್ಲಿ ಉಳಿದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲು ಗಡುವು ಹಾಕಿ, ಆ ಕೆಲಸದ ಹೊಣೆ ಇಲಾಖೆಯ ಮೇಲೇ ಇರಲಿ. ಮತ್ತು ಪಟ್ಟಿ ತಯಾರಿಸುವ ಸಭೆಗೆ ಎಂಜಿನಿಯರುಗಳ ಜೊತೆಗೆ ಮೈಸೂರಿನ ಒಬ್ಬ ಹಳೆ ಜಾವಾ ಮೆಕ್ಯಾನಿಕ್ಕನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ವ್ಯಾಪಾರಿಯೊಬ್ಬರನ್ನೂ ಕರೆಯಿರಿ. ಯಾವ ಭಾಗ ಮೂಲದ್ದು, ಯಾವುದು ನಕಲಿ, ಯಾವುದು ಸಿಗುವುದೇ ಇಲ್ಲ ಎಂದು ಅವರಷ್ಟು ಬಲ್ಲವರು ನಿಮ್ಮ ಇಲಾಖೆಯಲ್ಲಿ ಇರಲಾರರು.

ಆ ಮೊದಲ ತಪಾಸಣೆಯ ದಿನ ಗೊತ್ತಾದರೆ ತಿಳಿಸಿ. ಶೆಡ್ಡಿನಲ್ಲಿ ನಿಂತಿರುವ ರೋಡ್‌ಕಿಂಗನ್ನು ಅದರ ಎರಡೂ ಎಂಜಿನ್ ನಂಬರುಗಳ ಕಾಗದದ ಸಮೇತ, ಓಡಿಸಿಕೊಂಡು ಬರದೆ, ಟೆಂಪೋದಲ್ಲಿ ಹೇರಿಕೊಂಡು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ನಾಗರಿಕ