ಒಂದೇ ಸಂಸ್ಥಾನದ ಎರಡು ಹೋಳುಗಳು

ತಾರ್ನಾಕದಲ್ಲಿ ನಾಲ್ವರು ಕನ್ನಡಿಗರು ಕೂಡಿದಲ್ಲಿ, ಅದು ಯುಗಾದಿಯ ಹೋಳಿಗೆಯೂಟವಿರಲಿ, ರಾಜ್ಯೋತ್ಸವದ ಸಭೆಯಿರಲಿ, ಒಂದು ಮಾತು ಬಂದೇ ಬರುತ್ತದೆ: 1956ರಲ್ಲಿ ನಾವು ಹೈದರಾಬಾದಿನೊಡನೆಯೇ ಉಳಿದಿದ್ದರೆ ಏನಾಗುತ್ತಿತ್ತು? ಬೀದರ, ಕಲಬುರಗಿ, ರಾಯಚೂರು ಕಡೆಯ ಹಿರಿಯರು ಈ ಪ್ರಶ್ನೆಯನ್ನು ನಿಟ್ಟುಸಿರಿನೊಡನೆ ಎತ್ತುತ್ತಾರೆ. ಹಳೆಯ ಮೈಸೂರಿನಿಂದ ಬ್ಯಾಂಕು, ಪ್ರಯೋಗಾಲಯಗಳ ನೌಕರಿಗೆಂದು ಬಂದು ನೆಲೆಸಿದವರು ಇದನ್ನು ಕೇಳಿ ತುಸು ಮುನಿಯುತ್ತಾರೆ; ಏಕೀಕರಣಕ್ಕಾಗಿ ಹೋರಾಡಿದವರನ್ನು ಇದು ಹಗುರಾಗಿ ಕಂಡಂತೆ ಎಂದು ಅವರ ಭಾವನೆ. ಎರಡೂ ಪಕ್ಷದವರು ಲೆಕ್ಕವನ್ನು ಮುಂದಿಟ್ಟುಕೊಂಡು ಮಾತನಾಡಿದ್ದು ಕಡಮೆ. ಆ ಲೆಕ್ಕವನ್ನು ಇಲ್ಲಿ ಬಿಚ್ಚಿ ನೋಡೋಣ.

1956ರ ನವೆಂಬರ್ 1ರಂದು ನಿಜಾಮರ ಹಳೆಯ ಸಂಸ್ಥಾನ ಮೂರು ಹೋಳಾಯಿತು. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ, ನಮ್ಮ ಮೂರು ಜಿಲ್ಲೆಗಳು ಮೈಸೂರಿಗೆ ಸೇರಿದವು. ಮರಾಠವಾಡದ ಕಥೆ ಬೇರೆಯದು. ಅದನ್ನು ಇಲ್ಲಿಗೆ ಬಿಡೋಣ. ಉಳಿದ ಎರಡು ಹೋಳುಗಳ ಪಿತ್ರಾರ್ಜಿತ ಒಂದೇ: ಜಾಗೀರುಗಳು, ಬರ, ತಾಯ್ನುಡಿಯ ಶಾಲೆಯಿಲ್ಲದ ಹಳ್ಳಿಗಳು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಟ್ಟು ಹೆಸರಾಯಿತು, ನಿಜ. ಆದರೆ ಯಾದಗಿರಿಯ ಒಕ್ಕಲಿಗನ ಮಗನಿಗೂ ನಲ್ಗೊಂಡದ ಒಕ್ಕಲಿಗನ ಮಗನಿಗೂ ಅದರ ಬಾಗಿಲು ಸಮಾನವಾಗಿ ದೂರವಿತ್ತು. 1951ರ ಜನಗಣತಿಯ ವೇಳೆಗೆ ಇಡೀ ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ.

ಪಾಲಾದಾಗ ತೆಲಂಗಾಣಕ್ಕೆ ರಾಜಧಾನಿ ಬಂತು. ಅದೊಂದೇ ದೊಡ್ಡ ವ್ಯತ್ಯಾಸ. ತಾರ್ನಾಕದಿಂದ ಹಬ್ಸಿಗೂಡದವರೆಗೆ ನಡೆದರೆ ಸಾಕು, ರಾಜಧಾನಿಯೆಂದರೇನೆಂಬುದು ತಿಳಿಯುತ್ತದೆ: ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ, ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, 1961ರ ಭೂಭೌತ ಸಂಶೋಧನಾ ಸಂಸ್ಥೆ, 1977ರ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರ. ನಮ್ಮಲ್ಲಿ ಅನೇಕರ ಅನ್ನ ಇದೇ ರಸ್ತೆಯಲ್ಲಿದೆ. ಇತ್ತ ಕಲಬುರಗಿಗೆ ಸ್ವಂತದ ವಿಶ್ವವಿದ್ಯಾಲಯ ಬರಲು 1980ರವರೆಗೆ ಕಾಯಬೇಕಾಯಿತು. ಹಟ್ಟಿಯ ಚಿನ್ನ, ಶಹಾಬಾದಿನ ಕಲ್ಲು, 1985ರಿಂದ ಶಕ್ತಿನಗರದ ವಿದ್ಯುತ್ತು, ಎಲ್ಲವೂ ಹೊರಗೆ ಹೋಗುವ ಸಂಪತ್ತೇ ಆಯಿತು. ರಾಯಚೂರಿನವರು ಬೇಡಿದ ಐಐಟಿ 2016ರಲ್ಲಿ ಧಾರವಾಡದಲ್ಲಿ ಆರಂಭವಾಯಿತು. ಮೂರು ವರ್ಷದ ಮೇಲೆ ರಾಯಚೂರಿಗೆ ಐಐಐಟಿ ದೊರೆಯಿತು. ಹೈದರಾಬಾದಿಗೆ ಐಐಟಿ 2008ರಲ್ಲೇ ಬಂದಿತ್ತು.

ಸಿಟ್ಟಿನಲ್ಲಿಯೂ ವ್ಯತ್ಯಾಸವಿತ್ತು. ತಮಗಾದ ಅನ್ಯಾಯವನ್ನು ತೆಲಂಗಾಣದವರು 1969ರಲ್ಲಿ ಬೀದಿಗೆ ತಂದರು. ನಮ್ಮ ಮಗ್ಗುಲಿನ ಉಸ್ಮಾನಿಯಾ ಆವರಣವೇ ಅದರ ಕೇಂದ್ರವಾಗಿತ್ತು. ಸಂವಿಧಾನದ 371-ಡಿ ವಿಧಿ 1974ರಲ್ಲಿ ಜಾರಿಗೆ ಬಂದು ಸ್ಥಳೀಯರಿಗೆ ನೌಕರಿಯಲ್ಲಿ, ಓದಿನಲ್ಲಿ ಆದ್ಯತೆ ದೊರೆಯಿತು. ನಾವು ಮನವಿಪತ್ರಗಳನ್ನು ಬರೆದೆವು. ವೈಜನಾಥ ಪಾಟೀಲರಂಥ ಕೆಲವರು ದಶಕಗಳ ಕಾಲ ಹಟ ಹಿಡಿಯದಿದ್ದರೆ 371-ಜೆ ಇಂದಿಗೂ ಕಾಗದದ ಮೇಲೆ ಬರುತ್ತಿತ್ತೋ ಇಲ್ಲವೋ. ಅದು ಜಾರಿಯಾದದ್ದು 2013ರಲ್ಲಿ, ನಲವತ್ತು ವರ್ಷಕ್ಕೆ ಒಂದು ಕಡಿಮೆ. ನಡುವೆ 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು.

ಇಲ್ಲಿಯವರೆಗೆ ಲೆಕ್ಕ ನಮ್ಮ ಹಿರಿಯರ ನಿಟ್ಟುಸಿರಿನ ಪರವಾಗಿದೆ. ಇನ್ನು ಅದು ತಿರುಗುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಜಿಲ್ಲೆಗಳ ಪೈಕಿ ಸಾಕ್ಷರತೆಯಲ್ಲಿ ಕೊನೆಯದು ಯಾದಗಿರಿ: ಶೇಕಡಾ 51.83. ಅದೇ ಗಣತಿಯಲ್ಲಿ ಅಂದಿನ ಅವಿಭಜಿತ ಆಂಧ್ರದ ಕೊನೆಯ ಜಿಲ್ಲೆ ಯಾವುದು? ಮಹಬೂಬನಗರ: ಶೇಕಡಾ 55.04. ಹೆಂಗಸರಲ್ಲಿ ಅಕ್ಷರ ಬಲ್ಲವರು ಯಾದಗಿರಿಯಲ್ಲಿ ನೂರಕ್ಕೆ 41, ಮಹಬೂಬನಗರದಲ್ಲಿ 45. ಈ ಎರಡು ಜಿಲ್ಲೆಗಳು ಅಂದು ಒಂದಕ್ಕೊಂದು ತಾಗಿಕೊಂಡಿದ್ದವು. ಗುರುಮಠಕಲ್ಲಿನಿಂದ ಹೊರಟು ಸ್ವಲ್ಪ ದೂರ ಹೋದರೆ ನಾರಾಯಣಪೇಟೆ. ನಡುವೆ ಗಡಿಯ ಫಲಕವನ್ನು ಬಿಟ್ಟರೆ ನೆಲವೂ ಒಂದೇ, ತೊಗರಿಯೂ ಒಂದೇ, ಗುಳೆ ಹೋಗುವ ತಿಂಗಳೂ ಒಂದೇ. ಎರಡು ಭಾಷೆಯ ಎರಡು ಸರ್ಕಾರಗಳು 55 ವರ್ಷ ಆಳಿ, ತಮ್ಮ ತಮ್ಮ ಕೊನೆಯ ಜಿಲ್ಲೆಯನ್ನು ಒಂದೇ ಗಡಿಯ ಎರಡು ಮಗ್ಗುಲಿಗೆ ಬಿಟ್ಟಿದ್ದವು. ಹೈದರಾಬಾದಿನೊಡನೆ ಉಳಿದವರಿಗೆ ಹೈದರಾಬಾದು ಸಿಕ್ಕಿತೆಂದು ಯಾರು ಹೇಳಿದರು? ಅದು ಹೈದರಾಬಾದಿನವರಿಗೆ ಸಿಕ್ಕಿತು, ಅಲ್ಲಿಗೆ ವಲಸೆ ಬಂದ ನಮಗೂ ಸಿಕ್ಕಿತು.

ಸರಾಸರಿಯ ಈ ಮಾಯೆ ನಮ್ಮಲ್ಲಿ ಮಾತ್ರವಿಲ್ಲ. ಯೂರೋಪಿನ ಪಶ್ಚಿಮದ ಅಂಚಿನಲ್ಲಿ ಐರ್ಲೆಂಡ್ ಮತ್ತು ಪೋರ್ಚುಗಲ್ ಎಂಬ ಎರಡು ಸಣ್ಣ ದೇಶಗಳಿವೆ. ಎರಡೂ ಬಡತನಕ್ಕೆ, ದೇಶ ಬಿಟ್ಟು ಹೋಗುವ ಮಕ್ಕಳಿಗೆ ಹೆಸರಾಗಿದ್ದವು. ಬಳ್ಳಾರಿಯನ್ನೂ ಸೇರಿಸಿ ಎಣಿಸಿದರೆ ಇಂದಿನ ಕಲ್ಯಾಣ ಕರ್ನಾಟಕದ ಜನಸಂಖ್ಯೆ ಈ ಎರಡನೆಯ ದೇಶಕ್ಕಿಂತ ಹೆಚ್ಚು. ಐರ್ಲೆಂಡ್ 1967ರಲ್ಲಿ ಪ್ರೌಢಶಾಲೆಯ ಓದನ್ನು ಉಚಿತ ಮಾಡಿ, ಹಳ್ಳಿಯ ಮಕ್ಕಳಿಗೆ ಶಾಲೆಯ ಬಸ್ಸನ್ನೂ ಕೊಟ್ಟಿತು. ಅದೇ ಹೊತ್ತಿಗೆ ಪೋರ್ಚುಗಲ್ ಸರ್ವಾಧಿಕಾರದ ಕೆಳಗಿತ್ತು; 1970ರಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರು ನಿರಕ್ಷರಿ. ಯೂರೋಪಿನ ಕೂಟಕ್ಕೆ ಐರ್ಲೆಂಡ್ 1973ರಲ್ಲಿ, ಪೋರ್ಚುಗಲ್ 1986ರಲ್ಲಿ ಸೇರಿ ಅದರ ಅನುದಾನವನ್ನು ಎರಡೂ ಪಡೆದವು. ವಿದೇಶಿ ಕಂಪನಿಗಳು ಬಂದು ಬಾಗಿಲು ತಟ್ಟಿದಾಗ ಓದಿದ ಒಂದು ತಲೆಮಾರು ಸಿದ್ಧವಾಗಿದ್ದದ್ದು ಐರ್ಲೆಂಡಿನಲ್ಲಿ. ಆದರೂ ಆ ಕಂಪನಿಗಳ ಲಾಭ ಸೇರಿ ಅಲ್ಲಿಯ ರಾಷ್ಟ್ರೀಯ ಉತ್ಪನ್ನ ಎಷ್ಟು ಊದಿಕೊಂಡಿದೆಯೆಂದರೆ, ಅಲ್ಲಿಯ ಅಂಕಿಅಂಶ ಇಲಾಖೆಯೇ ಬೇರೊಂದು ಅಳತೆಗೋಲನ್ನು ರೂಪಿಸಿಕೊಳ್ಳಬೇಕಾಯಿತು. ರಂಗಾರೆಡ್ಡಿ, ಹೈದರಾಬಾದು ಜಿಲ್ಲೆಗಳನ್ನು ಕೂಡಿಸಿ ತೆಲಂಗಾಣದ ತಲಾ ಆದಾಯವನ್ನು ಹೇಳುವವರಿಗೂ, ಬೆಂಗಳೂರನ್ನು ಕೂಡಿಸಿ ಕರ್ನಾಟಕದ್ದನ್ನು ಹೇಳುವವರಿಗೂ ಅಂಥದೊಂದು ಅಳತೆಗೋಲು ಬೇಕಾಗಿದೆ.

ಹಾಗಾದರೆ ಶಾಲೆಯ ಮಾತು. 2014ರಲ್ಲಿ ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮೇಲೆ ಬಡ ಮಕ್ಕಳಿಗಾಗಿ ವಸತಿ ಶಾಲೆಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆರೆಯಿತು. ಅವುಗಳ ಊಟ, ವಸತಿಯ ಬಗ್ಗೆ ದೂರುಗಳಿವೆ. ಆದರೂ ಹಣ ಯಾರ ಮೇಲೆ ಹೋಯಿತೆಂಬುದು ಕಾಣುತ್ತದೆ. ನಮ್ಮ ಕಡೆ ಹಣಕ್ಕೆ ಈಗ ಹಿಂದಿನಷ್ಟು ಬರವಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ 5000 ಕೋಟಿ ರೂಪಾಯಿ ಘೋಷಣೆಯಾಗಿದೆ. ಹೀಗಿದ್ದೂ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಕೊನೆಯ ಸ್ಥಾನ, 2025ರಲ್ಲಿ ಶೇಕಡಾ 42.43 ಪಡೆದ ಕಲಬುರಗಿ ಕೊನೆಯ ಸ್ಥಾನ. ಕಟ್ಟಡಕ್ಕೆ ಗುತ್ತಿಗೆದಾರ ಸಿಗುತ್ತಾನೆ, ಗಣಿತಕ್ಕೆ ಮೇಷ್ಟ್ರು ಸಿಗುವುದಿಲ್ಲ. 371-ಜೆ ಕೊಟ್ಟ ಮೀಸಲಾತಿಯನ್ನು ಪಡೆಯುವ ಮಗು ಮೊದಲು ಹತ್ತನೆಯ ತರಗತಿ ದಾಟಬೇಕಷ್ಟೆ!

ನಾವು ದೂರದಲ್ಲಿದ್ದೇವೆ, ನಮ್ಮಿಂದೇನಾದೀತು ಎಂಬ ಮಾತು ಕೇಳಿಬರುತ್ತದೆ. ದೂರವೇನೂ ಇಲ್ಲ, ಶರಣಬಸವೇಶ್ವರ ಜಾತ್ರೆಗೆ ನಮ್ಮವರು ರಾತ್ರಿ ಗಾಡಿ ಹಿಡಿದು ಬೆಳಗಾಗುವುದರೊಳಗೆ ಕಲಬುರಗಿಯಲ್ಲಿ ಇಳಿಯುತ್ತಾರೆ. ಊರಿನ ಗುಡಿಗೆ ಕಮಾನು, ಗಂಟೆ, ಗ್ರಾನೈಟ್ ಹಾಸು ಮಾಡಿಸಿ ಹೆಸರು ಕೆತ್ತಿಸಿದವರೂ ನಮ್ಮಲ್ಲಿದ್ದಾರೆ. ಅವರ ಭಕ್ತಿಯನ್ನು ನಾವು ಹಳಿಯುವುದಿಲ್ಲ. ಈ ಸಲ ಊರಿಗೆ ಹೋದವರು ತಾವು ಓದಿದ ಸರ್ಕಾರಿ ಶಾಲೆಯ ಬಾಗಿಲಿಗೂ ಒಮ್ಮೆ ಹೋಗಿ ಮೂರು ಸಂಗತಿಗಳನ್ನು ವಿಚಾರಿಸಿಕೊಂಡು ಬರಲಿ: ಮಂಜೂರಾದ ಶಿಕ್ಷಕರ ಹುದ್ದೆಗಳೆಷ್ಟು, ಇರುವವರೆಷ್ಟು, ಅತಿಥಿ ಶಿಕ್ಷಕರೆಷ್ಟು? ನಾರಾಯಣಪೇಟೆ, ಮಹಬೂಬನಗರದ ನೆಂಟರಿರುವವರು ಆ ಕಡೆಯ ಲೆಕ್ಕವನ್ನೂ ತರಲಿ. ಬಂದ ಉತ್ತರಗಳನ್ನು ಊರಿನ ಹೆಸರಿನೊಡನೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ, ಪ್ರತಿಗಳನ್ನು ಎರಡೂ ಸರ್ಕಾರಗಳ ಶಿಕ್ಷಣ ಇಲಾಖೆಗಳಿಗೆ ಕಳುಹಿಸುತ್ತೇವೆ.